ಟೊಮೆಟೊ ಸೊರಗು: ಒಂದೇ ಹೆಸರಿನ ಹಲವು ವೈರಿಗಳು

ಇಂದಿನ ಮಾತನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ತರಕಾರಿ ಬೆಳೆಗಳ ಬಗ್ಗೆ ನಾನು ಒಂದು ಕಿರು ಕಾರ್ಯಕ್ರಮ ನಿರ್ಮಿಸಿದ್ದೆ. ಅದರ ಕೊನೆಯಲ್ಲಿ "ಸೊರಗು ರೋಗದ ಕಾಟವಿರುವಲ್ಲಿ ರೋಗನಿರೋಧಕ ತಳಿಯನ್ನೇ ಹಾಕಿ" ಎಂಬ ಒಂದು ವಾಕ್ಯವಿತ್ತು. ಅದನ್ನು ಬರೆದವನು ನಾನೇ. ಕೇಳಲು ಚೆನ್ನಾಗಿತ್ತು, ಸಮಯಕ್ಕೂ ಸರಿಹೊಂದಿತ್ತು. ಮರುವರ್ಷ ಬೇರೊಂದು ಚಿತ್ರೀಕರಣಕ್ಕೆಂದು ಕಂಪ್ಲಿಯ ಕಡೆ ಹೋದಾಗ ರೈತರೊಬ್ಬರು ನಮ್ಮನ್ನು ಗುರುತಿಸಿ ತಮ್ಮ ಹೊಲಕ್ಕೆ ಕರೆದೊಯ್ದರು. ಕಾಯಿ ಕಚ್ಚಿದ ಟೊಮೆಟೊ ಗಿಡಗಳು ಸಾಲು ಸಾಲಾಗಿ ತಲೆಬಾಗಿಸಿ ನಿಂತಿದ್ದವು.

"ನೀವು ಹೇಳಿದಂಗ ನಿರೋಧಕ ಬೀಜಾನ ತಂದು ಹಾಕೀನ್ರಿ. ಸಾಲ ಮಾಡಿ ತಂದೀನಿ. ಈಗ ನೋಡ್ರಿ ಹಿಂಗಾಗೈತಿ" ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ನೋಯಿಸಿತು. ಪಕ್ಕದಲ್ಲಿದ್ದ ಅವರ ಮಗಳು ಹೊಸಪೇಟೆಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಳು. ಅವಳು ಒಂದೇ ಪ್ರಶ್ನೆ ಕೇಳಿದಳು: "ಸಾರ್, ಯಾವ ಸೊರಗಿಗೆ ನಿರೋಧಕ ಅಂತ ನೀವು ಹೇಳ್ಲೇ ಇಲ್ಲಲ್ಲ?"

ವಿಜ್ಞಾನದ ಪದವೀಧರನಾದ ನಾನು ನನ್ನನ್ನೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ಇಂದಿನ ಮಾತು ಆ ಹುಡುಗಿಗೆ ಕೊಡಬೇಕಾದ ಉತ್ತರ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಹೊಲವಿದೆ, ಆದ್ದರಿಂದ ಇದು ನಿಮಗೂ ಸೇರಿದ್ದು.

ಗಾಜಿನ ಲೋಟದ ಪರೀಕ್ಷೆ

ಗಿಡ ಬಾಡಿದೊಡನೆ ನಾವು ಅದನ್ನು ಸೊರಗು ಎನ್ನುತ್ತೇವೆ. ಜ್ವರ ಬಂದಿದೆ ಎಂದಷ್ಟೇ ಹೇಳಿದಂತೆ ಇದು. ಮಲೇರಿಯವೋ ಟೈಫಾಯಿಡೋ ತಿಳಿಯದೆ ವೈದ್ಯರು ಔಷಧಿ ಕೊಡುವುದಿಲ್ಲ. ಟೊಮೆಟೊವನ್ನು ಸೊರಗಿಸುವ ಇಬ್ಬರು ಮುಖ್ಯ ವೈರಿಗಳಿದ್ದಾರೆ. ಒಂದು ರಾಲ್ಸ್ಟೋನಿಯ ಎಂಬ ಬ್ಯಾಕ್ಟೀರಿಯ. ಇನ್ನೊಂದು ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಶಿಲೀಂಧ್ರ. ಇವೆರಡನ್ನೂ ಬೇರ್ಪಡಿಸಲು ದೊಡ್ಡ ಪ್ರಯೋಗಾಲಯ ಬೇಡ. ಒಂದು ಗಾಜಿನ ಲೋಟ ಸಾಕು.

ಬಾಡಿದ ಗಿಡದ ಬುಡದಿಂದ ಒಂದು ಗೇಣುದ್ದದ ಕಾಂಡವನ್ನು ಚೂಪಾದ ಚಾಕುವಿನಿಂದ ಕತ್ತರಿಸಿ. ಕತ್ತರಿಸಿದ ತುದಿ ತಿಳಿನೀರಿನಲ್ಲಿ ಮುಳುಗುವಂತೆ ಹಿಡಿದು ಕೆಲವು ನಿಮಿಷ ಅಲುಗಾಡಿಸದೆ ನೋಡಿ. ತುದಿಯಿಂದ ಹಾಲಿನಂತಹ ಬಿಳಿ ಎಳೆ ನೀರಿಗೆ ಇಳಿದು ಬಂದರೆ ಅದು ಬ್ಯಾಕ್ಟೀರಿಯದ ಸೊರಗು. ಲಕ್ಷಾಂತರ ಬ್ಯಾಕ್ಟೀರಿಯಗಳು ಲೋಳೆಯೊಡನೆ ಹೊರಬರುವ ದೃಶ್ಯ ಅದು. ಇಂತಹ ಗಿಡ ಎಲೆ ಹಸಿರಾಗಿರುವಾಗಲೇ ಒಮ್ಮೆಲೇ ಬಾಡುತ್ತದೆ.

ಎಳೆ ಬರದೆ, ಕಾಂಡವನ್ನು ಉದ್ದಕ್ಕೆ ಸೀಳಿದಾಗ ಒಳಗೆ ಕಂದು ಬಣ್ಣದ ಗೀರುಗಳು ಕಂಡರೆ ಫ್ಯುಸೇರಿಯಂ ಮೇಲೆ ಸಂಶಯಪಡಬೇಕು. ಇಲ್ಲಿ ಗಿಡ ನಿಧಾನವಾಗಿ ಸೊರಗುತ್ತದೆ. ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಎಷ್ಟೋ ಸಲ ಗಿಡದ ಒಂದು ಮಗ್ಗುಲು ಮಾತ್ರ, ಇಲ್ಲವೇ ಒಂದೇ ಎಲೆಯ ಅರ್ಧಭಾಗ ಮಾತ್ರ ಹಳದಿಯಾಗಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಬಾಡಿದ ಗಿಡ ಸಂಜೆಗೆ ಚೇತರಿಸಿಕೊಂಡಂತೆ ಕಾಣುತ್ತದೆ. ನೀರು ಸಾಲದೆಂದು ತಿಳಿದು ರೈತ ಮತ್ತಷ್ಟು ನೀರು ಹಾಯಿಸುತ್ತಾನೆ. ಆದರೆ ಕೊರತೆ ಮಣ್ಣಿನ ನೀರಿನದಲ್ಲ. ನೀರು ಮೇಲೇರುವ ಕ್ಸೈಲಮ್ ನಾಳಗಳೇ ಕಟ್ಟಿಹೋಗಿವೆ.

ಕಂಪ್ಲಿಯ ಆ ಹೊಲದ ಕಾಂಡವನ್ನೂ ಹೀಗೆಯೇ ಲೋಟದಲ್ಲಿ ಇಟ್ಟು ನೋಡಿದೆವು. ನೀರು ತಿಳಿಯಾಗಿಯೇ ಉಳಿಯಿತು. ಸೀಳಿದ ಕಾಂಡದೊಳಗೆ ಕಂದು ಗೀರುಗಳಿದ್ದವು. ಎಲ್ಲ ಲಕ್ಷಣಗಳೂ ಶಿಲೀಂಧ್ರದ ಕಡೆಗೇ ಬೆರಳು ತೋರಿಸುತ್ತಿದ್ದವು.

ಕದಿರಿನ ಆಕಾರದ ಕಣ

ಲ್ಯಾಟಿನ್ ಭಾಷೆಯಲ್ಲಿ 'ಫ್ಯೂಸಸ್' ಎಂದರೆ ನೂಲುವ ಕದಿರು. ಈ ಶಿಲೀಂಧ್ರದ ದೊಡ್ಡ ಬೀಜಕಣಗಳು ಎರಡೂ ತುದಿ ಚೂಪಾಗಿ, ನಡುವೆ ತುಸು ಬಾಗಿ, ಕದಿರನ್ನು ಹೋಲುತ್ತವೆ. ಅದರಿಂದಲೇ 1809ರಲ್ಲಿ ಜರ್ಮನಿಯ ಲಿಂಕ್ ಎಂಬ ವಿಜ್ಞಾನಿ ಇದಕ್ಕೆ ಫ್ಯುಸೇರಿಯಂ ಎಂದು ಹೆಸರಿಟ್ಟ. ಇದಕ್ಕೆ ಇನ್ನೆರಡು ಬಗೆಯ ಬೀಜಕಣಗಳೂ ಇವೆ. ಚಿಕ್ಕವು ಕ್ಸೈಲಮ್ ನಾಳದ ನೀರಿನೊಡನೆ ಗಿಡದಲ್ಲಿ ಮೇಲೇರುತ್ತವೆ. ದಪ್ಪ ಗೋಡೆಯವು ಗಿಡ ಸತ್ತ ಮೇಲೆ ಮಣ್ಣಿನಲ್ಲಿ ಉಳಿದು, ಆಹಾರವಿಲ್ಲದೆ ವರ್ಷಗಟ್ಟಲೆ ನಿದ್ರಿಸುತ್ತವೆ. ಹತ್ತಿರದಲ್ಲಿ ಬೇರೊಂದು ಬಂದು ಅದರ ರಸ ಸೋಕಿದೊಡನೆ ಎಚ್ಚರಗೊಳ್ಳುತ್ತವೆ. ಒಂದೆರಡು ವರ್ಷ ಟೊಮೆಟೊ ಬಿಟ್ಟು ಬೇರೆ ಬೆಳೆ ಹಾಕಿದರೂ ಈ ರೋಗ ಪೂರ್ತಿ ಹೋಗದಿರುವುದು ಇದರಿಂದಲೇ.

ಈಗ ಒಂದು ವಿಚಿತ್ರ ಕೇಳಿ. ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಒಂದೇ ಹೆಸರಿನಡಿ ನೂರಕ್ಕೂ ಹೆಚ್ಚು ವಿಶೇಷ ರೂಪಗಳಿವೆ. 1940ರಲ್ಲಿ ಅಮೆರಿಕದ ಸ್ನೈಡರ್ ಮತ್ತು ಹ್ಯಾನ್ಸೆನ್ ಎಂಬ ವಿಜ್ಞಾನಿಗಳು ಇವನ್ನು ಆಶ್ರಯದ ಗಿಡದ ಹೆಸರಿನಿಂದ ವಿಂಗಡಿಸಿದರು. ಟೊಮೆಟೊವನ್ನು ಹಿಡಿಯುವುದು ಲೈಕೊಪರ್ಸಿಸಿ. ಬಾಳೆಯನ್ನು ಹಿಡಿಯುವುದು ಕ್ಯೂಬೆನ್ಸೆ. ನಂಜನಗೂಡಿನ ರಸಬಾಳೆಯನ್ನು ಅಳಿವಿನ ಅಂಚಿಗೆ ತಳ್ಳಿದ ಪನಾಮಾ ಸೊರಗು ಈ ಎರಡನೆಯದರ ಕೆಲಸ. ಸೂಕ್ಷ್ಮದರ್ಶಕದಲ್ಲಿ ಇಬ್ಬರೂ ಅವಳಿಗಳಂತೆ ಕಾಣುತ್ತಾರೆ. ಆದರೆ ಹಂಪಿಯ ಬಾಳೆತೋಟದ ಸೊರಗು ಪಕ್ಕದ ಟೊಮೆಟೊವನ್ನು ಕೊಲ್ಲುವುದಿಲ್ಲ. ಟೊಮೆಟೊದ್ದು ಬಾಳೆಗೆ ಹತ್ತುವುದಿಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿನ ಪೇಟೆಯ ನಿಂಬೆ, ಕಿತ್ತಳೆ, ಬದನೆಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಆ ಪಟ್ಟಿಯಲ್ಲಿ ಟೊಮೆಟೊ ಇಲ್ಲ. ಅದು ದಕ್ಷಿಣ ಅಮೆರಿಕ ಮೂಲದ ಗಿಡ. ನಮ್ಮಲ್ಲಿಗೆ ಬಂದದ್ದು ಆಮೇಲೆ. ಬದನೆ ಟೊಮೆಟೊದ ದಾಯಾದಿಯೇ ಆದರೂ ಅದಕ್ಕೆ ಬೇರೆಯದೇ ಫ್ಯುಸೇರಿಯಂ ರೂಪವಿದೆ. ಶಿಲೀಂಧ್ರಗಳು ಇಷ್ಟು ಕರಾರುವಾಕ್ಕಾಗಿ ಮನೆ ಆರಿಸಿಕೊಳ್ಳುವುದು ಹೇಗೆ?

ಊರಬಾಗಿಲ ಕಾವಲುಗಾರ

ಹಂಪಿಗೆ ಹೋದವರು ಕೋಟೆಯ ಬಾಗಿಲುಗಳನ್ನು ನೋಡಿರುತ್ತೀರಿ. ಅಲ್ಲಿ ಒಬ್ಬ ಕಾವಲುಗಾರ ನಿಂತಿದ್ದಾನೆ ಎಂದುಕೊಳ್ಳಿ. ಶತ್ರುಗಳು ಕೆಂಪು ರುಮಾಲು ಸುತ್ತಿರುತ್ತಾರೆಂದು ಅವನಿಗೆ ಗೊತ್ತು. ಕೆಂಪು ರುಮಾಲು ಕಂಡೊಡನೆ ಬಾಗಿಲು ಹಾಕುತ್ತಾನೆ. ಗಿಡದ ರೋಗನಿರೋಧಕ ಜೀನ್ ಅಂತಹ ಕಾವಲುಗಾರ. ಶಿಲೀಂಧ್ರವು ನಾಳದೊಳಗೆ ಸ್ರವಿಸುವ ಒಂದೊಂದು ಪ್ರೋಟೀನು ಒಂದೊಂದು ರುಮಾಲು.

1939ರಲ್ಲಿ ಅಮೆರಿಕದ ಬಾನ್ ಮತ್ತು ಟಕರ್ ಎಂಬುವರು ಗೋಲಿಯಷ್ಟು ಸಣ್ಣ ಹಣ್ಣಿನ ಒಂದು ಕಾಡು ಟೊಮೆಟೊದಲ್ಲಿ ಈ ರೋಗಕ್ಕೆ ಜಗ್ಗದ ಗುಣವನ್ನು ಕಂಡರು. ಆ ಜೀನಿಗೆ 'ಐ' ಎಂದು ಹೆಸರಾಯಿತು. ಅದನ್ನು ಊರ ಟೊಮೆಟೊಗೆ ಕೂಡಿಸಿ 1941ರಲ್ಲಿ 'ಪ್ಯಾನ್ ಅಮೆರಿಕ' ಎಂಬ ತಳಿಯನ್ನು ಹೊರತಂದರು. ರೋಗ ಮುಗಿಯಿತೆಂದು ಎಲ್ಲರೂ ನಂಬಿದರು. ಆದರೆ 1945ರಲ್ಲೇ ಒಹಾಯೋದಿಂದ ಸುದ್ದಿ ಬಂತು: 'ಐ' ಜೀನ್ ಇದ್ದ ಗಿಡವನ್ನೂ ಕೊಲ್ಲುವ ಶಿಲೀಂಧ್ರ ಸಿಕ್ಕಿದೆ. ಅದನ್ನು ಎರಡನೆಯ ರೇಸ್ ಎಂದು ಕರೆದರು. ರೇಸ್ ಎಂದರೆ ಒಂದೇ ಗಿಡವನ್ನು ಹಿಡಿಯುವ ರೂಪದೊಳಗಿನ ಉಪಜಾತಿ. ಯಾವ ತಳಿಯನ್ನು ಕೊಲ್ಲಬಲ್ಲದು ಎಂಬುದರಿಂದ ಅದನ್ನು ಗುರುತಿಸುತ್ತಾರೆ. ತಳಿವಿಜ್ಞಾನಿಗಳು 'ಐ-2' ಎಂಬ ಎರಡನೆಯ ಕಾವಲುಗಾರನನ್ನು ನಿಲ್ಲಿಸಿದರು. ಮುಂದೆ ಅವನನ್ನೂ ದಾಟಿದ ಮೂರನೆಯ ರೇಸ್ ಬಂತು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಿಂದ ಅದರ ವರದಿ 1982ರಲ್ಲಿ ಪ್ರಕಟವಾಯಿತು. ಅದಕ್ಕೆ ಎದುರಾಗಿ ಇನ್ನೊಂದು ಕಾಡು ಟೊಮೆಟೊದಿಂದ 'ಐ-3' ಜೀನನ್ನು ತಂದರು.

ಶಿಲೀಂಧ್ರ ಇದನ್ನು ಹೇಗೆ ಸಾಧಿಸಿತು ಎಂಬುದು 2008-09ರ ಹೊತ್ತಿಗೆ ನೆದರ್‌ಲೆಂಡ್ಸ್‌ನ ಆಂಸ್ಟರ್‌ಡ್ಯಾಂ ವಿಜ್ಞಾನಿಗಳ ಕೆಲಸದಿಂದ ಸ್ಪಷ್ಟವಾಯಿತು. ಮೊದಲ ರೇಸಿನ ಶಿಲೀಂಧ್ರದಲ್ಲಿ 'ಎವಿಆರ್1' ಎಂಬ ಪ್ರೋಟೀನು ಇರುತ್ತದೆ. 'ಐ' ಕಾವಲುಗಾರ ಗುರುತಿಸುವ ಕೆಂಪು ರುಮಾಲು ಇದೇ. ಎರಡನೆಯ ರೇಸ್ ಮಾಡಿದ್ದು ಬಹಳ ಸರಳ: ಆ ಜೀನನ್ನೇ ಕಳೆದುಕೊಂಡಿತು. ರುಮಾಲು ಬಿಚ್ಚಿ ಎಸೆದು ಒಳನುಗ್ಗಿತು.

ಆದರೆ ಆ ರುಮಾಲು ಸುಮ್ಮನೆ ಇದ್ದದ್ದಲ್ಲ. ಎವಿಆರ್1 'ಐ-2' ಮತ್ತು 'ಐ-3' ಕಾವಲುಗಾರರ ಕಣ್ಣು ಕಟ್ಟುತ್ತಿತ್ತು. ಅದನ್ನು ಎಸೆದದ್ದರಿಂದ ಶಿಲೀಂಧ್ರ ಅವರ ಕಣ್ಣಿಗೆ ಬಿತ್ತು. 'ಐ-2' ಗುರುತಿಸುವ 'ಎವಿಆರ್2' ಎಂಬ ಪ್ರೋಟೀನನ್ನು ಎಸೆಯುವಂತಿಲ್ಲ, ಏಕೆಂದರೆ ರೋಗ ಹರಡಲು ಅದು ಬೇಕೇ ಬೇಕು. ಆಗ ಮೂರನೆಯ ರೇಸ್ ಏನು ಮಾಡಿತು? ಆ ಜೀನಿನ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಯಿತು. ಪ್ರೋಟೀನು ತನ್ನ ಕೆಲಸ ಮಾಡುತ್ತಲೇ ಇತ್ತು, ಕಾವಲುಗಾರನಿಗೆ ಮಾತ್ರ ಗುರುತು ಸಿಗಲಿಲ್ಲ. ರುಮಾಲು ಅದೇ, ಮಡಿಕೆ ಮಾತ್ರ ಬೇರೆ.

ಇಲ್ಲಿ ನೀವು ಒಂದು ವಿಷಯ ಗಮನಿಸಬೇಕು. ಶಿಲೀಂಧ್ರ ಯೋಚಿಸಿ ಉಪಾಯ ಹೂಡಿತೆಂದು ಇದರ ಅರ್ಥವಲ್ಲ. ಕೋಟಿಗಟ್ಟಲೆ ಬೀಜಕಣಗಳಲ್ಲಿ ಎಲ್ಲೋ ಒಂದರಲ್ಲಿ ಆಕಸ್ಮಿಕವಾಗಿ ಇಂತಹ ಬದಲಾವಣೆ ಆಗಿರುತ್ತದೆ. ಒಂದೇ ನಿರೋಧಕ ತಳಿಯನ್ನು ಊರಿಗೆ ಊರೇ ಬೆಳೆದಾಗ ಉಳಿದವೆಲ್ಲ ಉಪವಾಸ ಬಿದ್ದು, ಅದೊಂದೇ ಉಂಡು ಬೆಳೆಯುತ್ತದೆ. ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆಯನ್ನು ನೋಡಲು ನೀವು ಗಲಾಪಗೊಸ್ ದ್ವೀಪಗಳಿಗೆ ಹೋಗಬೇಕಿಲ್ಲ. ಅದು ಟೊಮೆಟೊ ಹೊಲದಲ್ಲೇ ನಡೆಯುತ್ತಿದೆ.

ನಾಲ್ಕು ಊರು, ನಾಲ್ಕು ಲಕೋಟೆ

ನಮ್ಮ ಸುತ್ತಲಿನ ಶಿಲೀಂಧ್ರದಲ್ಲಿ ಎಷ್ಟು ವೈವಿಧ್ಯವಿದೆ ಎಂದು ತಿಳಿಯುವುದು ಹೇಗೆ? ಒಂದು ಪ್ರಯೋಗವನ್ನು ಮನಸ್ಸಿನಲ್ಲೇ ಮಾಡೋಣ. ಒಂದು ದಿನದಲ್ಲಿ ಸುತ್ತಿ ಬರಬಹುದಾದ ನಾಲ್ಕು ಕಡೆಯಿಂದ ಬಾಡಿದ ಗಿಡದ ಕಾಂಡಗಳನ್ನು ತರೋಣ: ಹೊಸಪೇಟೆಯ ಕಾಲುವೆ ಬಯಲು, ಹಂಪಿಯ ಬಾಳೆತೋಟಗಳ ಮಗ್ಗುಲು, ಸಂಡೂರಿನ ಕೆಮ್ಮಣ್ಣಿನ ಇಳಿಜಾರು, ಕಂಪ್ಲಿಯ ಗದ್ದೆಬಯಲು. ಕಾಂಡಗಳನ್ನು ಕಾಗದದ ಲಕೋಟೆಯಲ್ಲೇ ತರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವೆತು ಕೊಳೆಯುತ್ತವೆ.

ಕಾಂಡದ ಚೂರುಗಳ ಹೊರಮೈಯನ್ನು ಬ್ಲೀಚ್ ದ್ರಾವಣದಲ್ಲಿ ಶುಚಿಮಾಡಿ, ಆಲೂಗಡ್ಡೆಯ ಸಾರ, ಸಕ್ಕರೆ, ಅಗರ್ ಬೆರೆಸಿದ ತಟ್ಟೆಯಲ್ಲಿ ಇಡುತ್ತಾರೆ. ಸುಮಾರು 28 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ವಾರದೊಳಗೆ ಬಿಳಿ ಹತ್ತಿಯಂತಹ, ಕೆಲವೊಮ್ಮೆ ನೇರಳೆ ಛಾಯೆಯ ಬೂಷ್ಟು ಬೆಳೆಯುತ್ತದೆ. ಅದರಿಂದ ಒಂದೇ ಬೀಜಕಣವನ್ನು ಆರಿಸಿ ಮತ್ತೆ ಬೆಳೆಸುತ್ತಾರೆ. ಆಗ ಸಿಗುವುದು ಒಂದೇ ವಂಶದ ಶುದ್ಧ ಪೈರು. ಅದರ ಡಿಎನ್‌ಎ ತೆಗೆದು, ಅದರ ಆಯ್ದ ತುಣುಕುಗಳನ್ನು ಪಿಸಿಆರ್ ಯಂತ್ರದಲ್ಲಿ ಲಕ್ಷಾಂತರ ಪ್ರತಿ ಮಾಡಿ, ಜೆಲ್ಲಿನಲ್ಲಿ ವಿದ್ಯುತ್ ಹರಿಸಿ ಬೇರ್ಪಡಿಸುತ್ತಾರೆ. ಸಣ್ಣ ತುಣುಕು ಬೇಗ ಓಡುತ್ತದೆ, ದೊಡ್ಡದು ಹಿಂದುಳಿಯುತ್ತದೆ. ಕೊನೆಗೆ ಏಣಿಯ ಮೆಟ್ಟಿಲುಗಳಂತಹ ಪಟ್ಟೆಗಳು ಕಾಣುತ್ತವೆ. ಯಾರ ಪಟ್ಟೆ ಯಾರದಕ್ಕೆ ಹೋಲುತ್ತದೆ ಎಂದು ಲೆಕ್ಕಹಾಕಿ ವಂಶವೃಕ್ಷ ಬರೆಯುತ್ತಾರೆ.

ಸಂಡೂರಿನ ಮತ್ತು ಕಂಪ್ಲಿಯ ಪಟ್ಟೆಗಳು ಒಂದೇ ಆಗಿದ್ದವು ಎನ್ನೋಣ. ಹಾಗಾದರೆ ಒಂದೇ ವಂಶ ಎರಡೂ ಕಡೆ ಹರಡಿದೆ. ಒಂದೇ ನರ್ಸರಿಯ ಸಸಿಗಳೊಡನೆಯೋ, ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದ ಮಣ್ಣಿನೊಡನೆಯೋ ಅದು ಬಂದಿರಬಹುದು ಎಂದು ಹುಡುಕಬೇಕು. ಪಟ್ಟೆಗಳು ಪೂರ್ತಿ ಬೇರೆಯಾಗಿದ್ದರೆ ಎರಡೂ ಬೇರೆ ಬೇರೆ ಮೂಲದವು. ಇದು ಅಚ್ಚರಿಯೇನಲ್ಲ. ಟೊಮೆಟೊ ಹಿಡಿಯುವ ಫ್ಯುಸೇರಿಯಂಗಳೆಲ್ಲ ಒಂದೇ ತಾಯಿಯ ಮಕ್ಕಳಲ್ಲ. ಕೆಲವಕ್ಕೆ ಬೇರೆ ಗಿಡಗಳನ್ನು ಹಿಡಿಯುವ ಫ್ಯುಸೇರಿಯಂಗಳೇ ಹತ್ತಿರದ ಬಂಧುಗಳು.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಪಟ್ಟೆಗಳು ವಂಶವನ್ನು ಹೇಳುತ್ತವೆ, ನಡತೆಯನ್ನಲ್ಲ. ಎರಡನೆಯ ಮತ್ತು ಮೂರನೆಯ ರೇಸಿನ ನಡುವೆ ಒಂದಕ್ಷರದ ವ್ಯತ್ಯಾಸವಿದ್ದರೂ ಸಾಕು ಎಂದೆವಲ್ಲ, ಆ ಅಕ್ಷರ ಈ ಪಟ್ಟೆಗಳಲ್ಲಿ ಕಾಣದೇ ಹೋಗಬಹುದು. ನಡತೆ ತಿಳಿಯಲು ಕುಂಡದ ಪರೀಕ್ಷೆ ಬೇಕು. ಬಾನಿ ಬೆಸ್ಟ್ ಎಂಬ ತಳಿಗೆ ಕಾವಲುಗಾರರೇ ಇಲ್ಲ. ಯುಸಿ82-ಬಿ ತಳಿಗೆ 'ಐ' ಒಬ್ಬನೇ. ವಾಲ್ಟರ್‌ಗೆ 'ಐ' ಮತ್ತು 'ಐ-2'. ಐ3ಆರ್-3 ತಳಿಗೆ ಮೂವರೂ ಇದ್ದಾರೆ. ನಾಲ್ಕರ ಸಸಿಗಳ ಬೇರುಗಳನ್ನೂ ಶಿಲೀಂಧ್ರದ ನೀರಿನಲ್ಲಿ ಅದ್ದಿ ನೆಟ್ಟು ಕೆಲವು ವಾರ ಕಾಯಬೇಕು. ಬಾನಿ ಬೆಸ್ಟ್ ಮಾತ್ರ ಸತ್ತರೆ ಮೊದಲ ರೇಸ್. ಮೊದಲೆರಡು ಸತ್ತರೆ ಎರಡನೆಯದು. ಮೂರು ಸತ್ತು ಕೊನೆಯದೊಂದು ಉಳಿದರೆ ಮೂರನೆಯದು. ಇಷ್ಟು ಸ್ಪಷ್ಟವಾದ ತರ್ಕ, ಒಂದು ಕೈತೋಟದಷ್ಟು ಜಾಗ!

ಒಳ್ಳೆಯವನು ಕಳ್ಳನಾದ ಕಥೆ

ಈ ಶಿಲೀಂಧ್ರದಲ್ಲಿ ಗಂಡು ಹೆಣ್ಣು ಕೂಡುವ ಹಂತ ಇದುವರೆಗೆ ಕಂಡುಬಂದಿಲ್ಲ. ಕೂಡದೆ ಇಷ್ಟು ವೈವಿಧ್ಯ ಹೇಗೆ ಬಂತು? ಅಕ್ಷರದೋಷಗಳು ಒಂದು ದಾರಿ. ಇನ್ನೊಂದು ದಾರಿಯನ್ನು 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಲಿ-ಜುನ್ ಮಾ ಮತ್ತು ಸಂಗಡಿಗರು ಪ್ರಕಟಿಸಿದರು. ಅವರು ಓದಿದ ಟೊಮೆಟೊ ಶಿಲೀಂಧ್ರಕ್ಕೆ 15 ವರ್ಣತಂತುಗಳಿದ್ದವು. ಅವುಗಳಲ್ಲಿ 4 ಇತರ ಫ್ಯುಸೇರಿಯಂ ಪ್ರಭೇದಗಳಲ್ಲಿ ಇಲ್ಲದ, ಹೊರಗಿನಿಂದ ಬಂದಂತಹ ವರ್ಣತಂತುಗಳು. ರೋಗ ತರುವ ಜೀನ್‌ಗಳು ಅವುಗಳಲ್ಲೇ, ಮುಖ್ಯವಾಗಿ 14ನೆಯದರಲ್ಲಿ ನೆಲೆಸಿದ್ದವು.

ಫ್ರಾನ್ಸಿನ ಶಾತೊರೆನಾರ್ ಎಂಬಲ್ಲಿನ ಮಣ್ಣಿಗೆ ಸೊರಗು ರೋಗವನ್ನು ತಡೆಯುವ ಗುಣವಿದೆ. ಆ ಮಣ್ಣಿನಿಂದ ತೆಗೆದ ಎಫ್‌ಒ47 ಎಂಬ ನಿರುಪದ್ರವಿ ಫ್ಯುಸೇರಿಯಂ ಗಿಡದ ಬೇರಿನ ಸುತ್ತ ಜಾಗ ಹಿಡಿದು ರೋಗಕಾರಕವನ್ನು ದೂರವಿಡುತ್ತದೆ. ಪ್ರಯೋಗಾಲಯದಲ್ಲಿ ಈ ಸಾಧುವನ್ನು ಟೊಮೆಟೊ ಕೊಲ್ಲುವ ಶಿಲೀಂಧ್ರದ ಜೊತೆಯಲ್ಲಿ ಬೆಳೆಸಿದರು. ಕೆಲವು ಕಡೆ ವರ್ಣತಂತು ಒಂದರಿಂದ ಇನ್ನೊಂದಕ್ಕೆ ದಾಟಿತು. ದಾಟಿದ ಕಡೆ ಸಾಧುವೂ ಟೊಮೆಟೊವನ್ನು ರೋಗಕ್ಕೆ ತಳ್ಳಿತು! ಸಹವಾಸ ದೋಷ ಎಂದು ಹಿರಿಯರು ಹೇಳುತ್ತಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಒಂದು ಹಿಡಿ ಮಣ್ಣಿನಲ್ಲಿರುವ ವೈವಿಧ್ಯ ನಮ್ಮ ರಕ್ಷಣೆಯೂ ಹೌದು, ಹೊಸ ಶತ್ರುವಿನ ತವರೂ ಹೌದು.

ಸಂಡೂರಿನ ಕಬ್ಬಿಣ

ಸಂಡೂರು ಎಂದೊಡನೆ ನಿಮಗೆ ಕಬ್ಬಿಣದ ಅದಿರು ನೆನಪಾಗುತ್ತದೆ. ಲಾರಿಗಳು ಹೊತ್ತೊಯ್ಯುವ ಕಬ್ಬಿಣಕ್ಕಾಗಿ ಮನುಷ್ಯರು ಜಗಳಾಡುವುದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಸಾಸಿವೆಯಷ್ಟು ಮಣ್ಣಿನೊಳಗೂ ಅದೇ ಕಬ್ಬಿಣಕ್ಕಾಗಿ ಜಗಳ ನಡೆಯುತ್ತದೆ. ಮಣ್ಣಿನಲ್ಲಿ ಕಬ್ಬಿಣ ಹೇರಳವಾಗಿದ್ದರೂ ಅದು ತುಕ್ಕಿನ ರೂಪದಲ್ಲಿರುವುದರಿಂದ, ಅದರಲ್ಲೂ ಕ್ಷಾರಗುಣದ ಮಣ್ಣಿನಲ್ಲಿ, ಜೀವಿಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ಸ್ಯೂಡೊಮೊನಾಸ್ ಎಂಬ ಕೆಲವು ಬ್ಯಾಕ್ಟೀರಿಯಗಳು ಹಳದಿ-ಹಸಿರಾಗಿ ಹೊಳೆಯುವ ವಸ್ತುವೊಂದನ್ನು ಸುರಿಸಿ ಇರುವ ಕಬ್ಬಿಣವನ್ನು ಬಾಚಿಕೊಳ್ಳುತ್ತವೆ. ಫ್ಯುಸೇರಿಯಂ ಕಬ್ಬಿಣವಿಲ್ಲದೆ ಸೊರಗುತ್ತದೆ. ಗಿಡವನ್ನು ಸೊರಗಿಸುವವನೇ ಸೊರಗುತ್ತಾನೆ! 1980ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ಇದನ್ನು ತೋರಿಸಿಕೊಟ್ಟರು. ಮಣ್ಣಿಗೆ ಸುಲಭವಾಗಿ ದಕ್ಕುವ ಕಬ್ಬಿಣ ಸೇರಿಸಿದಾಗ ಈ ರಕ್ಷಣೆ ಕುಸಿಯಿತು. ಆದ್ದರಿಂದ ಮಣ್ಣನ್ನು ರೋಗದ ಮನೆ ಎಂದಷ್ಟೇ ನೋಡಬೇಡಿ. ಸಾವಯವ ಗೊಬ್ಬರ ಹಾಕಿ ಮಣ್ಣಿನ ಜೀವಿಗಳನ್ನು ಉಳಿಸಿಕೊಳ್ಳುವುದೂ ಒಂದು ಚಿಕಿತ್ಸೆ.

ಆ ಹುಡುಗಿಗೆ ಉತ್ತರ

ಕಂಪ್ಲಿಯ ಹೊಲದಲ್ಲಿ ಅಂದು ನಾವು ಬೀಜದ ಖಾಲಿ ಪೊಟ್ಟಣವನ್ನು ಹುಡುಕಿ ತೆಗೆದೆವು. ಅದರ ಮೇಲೆ ನಿರೋಧಕ ಎಂಬ ಮಾತಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದೇ ಒಂದು ರೇಸಿನ ಸಂಖ್ಯೆ ಇತ್ತು. ಪೊಟ್ಟಣ ಸುಳ್ಳು ಹೇಳಿರಲಿಲ್ಲ. ಪೂರ್ತಿ ಹೇಳದೆ ಹೋದದ್ದು ನನ್ನ ವಾಕ್ಯ. ಈ ಸಂಖ್ಯೆಗಳಲ್ಲೂ ಒಂದು ತೊಡಕಿದೆ, ನೆನಪಿಡಿ. ಅಮೆರಿಕದ ಪದ್ಧತಿಯಲ್ಲಿ ರೇಸ್‌ಗಳನ್ನು 1, 2, 3 ಎಂದು ಎಣಿಸುತ್ತಾರೆ. ಯುರೋಪಿನ ಪದ್ಧತಿಯಲ್ಲಿ ಅವೇ 0, 1, 2 ಆಗುತ್ತವೆ. ಒಬ್ಬರ ಒಂದು ಇನ್ನೊಬ್ಬರ ಎರಡು. ಯಾವ ಎಣಿಕೆ ಎಂದು ಅಂಗಡಿಯಲ್ಲೇ ಕೇಳಿ ತಿಳಿಯಬೇಕು.

ಹಾಗಾದರೆ ಮನೆಯಲ್ಲಿ ನೀವು ಏನು ಮಾಡಬಹುದು? ಮೊದಲು ಲೋಟದ ಪರೀಕ್ಷೆ ಮಾಡಿ. ಶಿಲೀಂಧ್ರವೆಂದು ಕಂಡರೆ ಕಾಂಡವನ್ನು ಕಾಗದದ ಲಕೋಟೆಯಲ್ಲಿ ಹಾಕಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಒಯ್ಯಿರಿ. ಬಾಡಿದ ಗಿಡವನ್ನು ಬೇರುಸಹಿತ ಕಿತ್ತು ಸುಡಿ. ಬದುವಿನ ಮೇಲೆ, ಕಾಲುವೆಯಲ್ಲಿ ಎಸೆಯಬೇಡಿ. ಮಣ್ಣು ಹುಳಿಯಾಗಿದ್ದರೆ ಸುಣ್ಣ ಹಾಕಿಸಿ, ಏಕೆಂದರೆ ಹುಳಿ ಮಣ್ಣು ಈ ಶಿಲೀಂಧ್ರಕ್ಕೆ ಪ್ರಿಯ. ನಮ್ಮ ಕಡೆಯ ಬೇಸಿಗೆಯನ್ನು ಬಳಸಿಕೊಳ್ಳುವ ಉಪಾಯವೂ ಉಂಟು. ನೀರುಣಿಸಿದ ಸಸಿಮಡಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕಾರು ವಾರ ಬಿಟ್ಟರೆ ಬಿಸಿಲಿನ ಶಾಖಕ್ಕೆ ಎಷ್ಟೋ ಬೀಜಕಣಗಳು ಸಾಯುತ್ತವೆ. 1976ರಲ್ಲಿ ಇಸ್ರೇಲಿನ ಕತಾನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಇದು. ಬಿಸಿಲಿಗೆ ಬಳ್ಳಾರಿ ಸೀಮೆಯಲ್ಲಿ ಬರವಿಲ್ಲ.

ಕೊನೆಯದಾಗಿ ಇನ್ನೊಂದು ತಪ್ಪೊಪ್ಪಿಗೆ. ಅಂದು ಬಾಡಿದ ಹೊಲದಿಂದ ನಾವು ನೇರವಾಗಿ ಪಕ್ಕದ ಹಸಿರು ಹೊಲದತ್ತ ನಡೆದೆವು. ಅಲ್ಲಿಯ ಚಿತ್ರವೂ ಬೇಕಿತ್ತು. ಬದುವಿನ ಮೇಲೆ ಆ ಹುಡುಗಿ ನಮ್ಮನ್ನು ತಡೆದಳು. ಒಂದು ಬಕೆಟ್ ನೀರು ತಂದಿಟ್ಟು, "ಮೊದ್ಲು ಚಪ್ಪಲಿ ತೊಳಕೊಳ್ರಿ ಸಾರ್, ಆ ಮೂರು ಕಾಲಿಂದೂ ತೊಳೀರಿ" ಎಂದಳು. ಅವಳು ಹೇಳಿದ್ದು ಕ್ಯಾಮೆರಾದ ಸ್ಟ್ಯಾಂಡನ್ನು. ಅದರ ಮೂರು ಕಾಲುಗಳಿಗೂ ಹಸಿಮಣ್ಣು ಮೆತ್ತಿತ್ತು. ಅಷ್ಟು ಮಣ್ಣಿನಲ್ಲಿ ಎಷ್ಟು ವಂಶಗಳು, ಎಷ್ಟು ರೇಸ್‌ಗಳು ನಿದ್ರಿಸುತ್ತಿದ್ದವೋ, ನಾವು ಹೊತ್ತು ತಿರುಗುತ್ತಿದ್ದೆವು. ಅವಳ ತಂದೆ ಸಂಕೋಚದಿಂದ "ಇರ್ಲಿ ಬಿಡವಾ" ಎಂದರು. ಅವಳು ಬಿಡಲಿಲ್ಲ.

ನಾವು ತೊಳೆದುಕೊಂಡೆವು. ಅಂದಿನಿಂದ ನಮ್ಮ ವಾಹನದಲ್ಲಿ ಒಂದು ಬಕೆಟ್ಟು, ಒಂದು ಬ್ರಷ್ಷು ಸದಾ ಇರುತ್ತವೆ. ನೀವೂ ಹೊಲದಿಂದ ಹೊಲಕ್ಕೆ ಹೋಗುವಾಗ ಅಷ್ಟು ಮಾಡಿ. ಯಾರಾದರೂ, ದೂರದರ್ಶನದಲ್ಲಿ ಮಾತನಾಡುವವರೇ ಆಗಲಿ, "ನಿರೋಧಕ" ಎಂದು ಹೇಳಿದರೆ ಸಂಕೋಚಪಡದೆ ಕೇಳಿ: ಯಾವ ಸೊರಗಿಗೆ? ಯಾವ ರೇಸಿಗೆ?